ಸರ್ಪದ ಜಾಡಿನಲ್ಲಿ ಗೋವಾ ಎಲ್ಲಿ?

1986ರ ಏಪ್ರಿಲ್ 6, ಭಾನುವಾರ. ಗೋವಾ ಆಗಿನ್ನೂ ರಾಜ್ಯವಾಗಿರಲಿಲ್ಲ. ದಮನ್ ಮತ್ತು ದಿಯು ಜೊತೆ ಸೇರಿದ ಕೇಂದ್ರಾಡಳಿತ ಪ್ರದೇಶ. ಪಣಜಿಯಿಂದ ಮಾಂಡೋವಿ ನದಿ ದಾಟಿ ಮಾಪುಸಾ ಕಡೆ ಹೊರಟರೆ ಹೆದ್ದಾರಿಯಲ್ಲಿ ಸಿಗುವ ಊರು ಪೊರ್ವೊರಿಮ್. ಅಲ್ಲಿಯ ‘ಒ ಕೊಕೇರೊ’ ಹೋಟೆಲಿನಲ್ಲಿ ಮುಂಬೈ ಪೊಲೀಸ್ ಇನ್‌ಸ್ಪೆಕ್ಟರ್ ಮಧುಕರ ಝೆಂಡೆ ತಮ್ಮ ಸಣ್ಣ ತಂಡದೊಂದಿಗೆ ಊಟಕ್ಕೆ ಬಂದ ಗಿರಾಕಿಗಳ ಹಾಗೆ ಕೂತಿದ್ದರು. ಟೋಪಿ ಹಾಕಿಕೊಂಡ ಒಬ್ಬಾತ ಸಂಗಡಿಗನೊಬ್ಬನ ಜೊತೆ ಒಳಗೆ ಬಂದ. ಝೆಂಡೆ ಎದ್ದು ಹೋಗಿ ಹಿಡಿದುಕೊಂಡು, ಹೆಸರು ಹೇಳಿ ಕರೆದರು. 1971ರಲ್ಲಿ ಮುಂಬೈಯಲ್ಲಿ ಅವರೇ ಒಮ್ಮೆ ಬಂಧಿಸಿದ್ದ ಮುಖ ಅದು. ಹದಿನೈದು ವರ್ಷ ಕಳೆದಿದ್ದರೂ ಗುರುತು ತಪ್ಪಲಿಲ್ಲ. ಕೈಯಲ್ಲಿ ಕೋಳ ಇರಲಿಲ್ಲವಾದ್ದರಿಂದ ಹೋಟೆಲಿನವರಿಂದ ಹಗ್ಗ ಕೇಳಿ ತಂದು ಕಟ್ಟಿದೆವು ಎಂದು ಝೆಂಡೆ ಮುಂದೆ ನೆನಪಿಸಿಕೊಂಡಿದ್ದಾರೆ. ಕಟ್ಟಿದವನನ್ನು ಕಾರಿನಲ್ಲಿ ಹಾಕಿಕೊಂಡು ನೇರ ಮುಂಬೈ ದಾರಿ ಹಿಡಿದರು.

ಸಿಕ್ಕಿಬಿದ್ದವನು ಏಷ್ಯಾ ಸುತ್ತಲು ಬಂದ ಎಳೆಯ ಪ್ರವಾಸಿಗರನ್ನು ನಂಬಿಸಿ ಕೊಂದ ಚಾರ್ಲ್ಸ್ ಶೋಭರಾಜ್. ತಂದೆ ಸಿಂಧಿ, ತಾಯಿ ವಿಯೆಟ್ನಾಮಿನವಳು, ಹುಟ್ಟಿದ್ದು ಸೈಗಾನಿನಲ್ಲಿ, ಬೆಳೆದದ್ದು ಬಹುಪಾಲು ಫ್ರಾನ್ಸಿನಲ್ಲಿ. ಮೂರು ವಾರ ಮೊದಲು, ಮಾರ್ಚ್ 16ರಂದು, ಹುಟ್ಟುಹಬ್ಬದ ನೆಪ ಹೇಳಿ ತಿಹಾರ್ ಜೈಲಿನ ಕಾವಲಿನವರಿಗೆ ನಿದ್ದೆಮಾತ್ರೆ ಬೆರೆಸಿದ ಸಿಹಿ ತಿನ್ನಿಸಿ ಹೊರಗೆ ನಡೆದಿದ್ದ. ಅವನ ನಿಜವಾದ ಹುಟ್ಟಿದ ದಿನ ಏಪ್ರಿಲ್ 6. ಪೊರ್ವೊರಿಮ್‌ನಲ್ಲಿ ಹಗ್ಗ ಬಿಗಿದ ದಿನವೇ ಅವನಿಗೆ 42 ತುಂಬಿತ್ತು.

ಇವನ ಕಥೆಯನ್ನು ಎಂಟು ಕಂತುಗಳಲ್ಲಿ ಹೇಳಿದ ಸರಣಿ ‘ದಿ ಸರ್ಪೆಂಟ್’. 2021ರ ಜನವರಿ 1ರಂದು ಬಿಬಿಸಿಯಲ್ಲಿ ಶುರುವಾಯಿತು, ಅದೇ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂತು. ರಿಚರ್ಡ್ ವಾರ್ಲೊ ಮತ್ತು ಟೋಬಿ ಫಿನ್ಲೇ ಬರೆದದ್ದು; ಟಾಮ್ ಶ್ಯಾಂಕ್‌ಲ್ಯಾಂಡ್ ಮತ್ತು ಹಾನ್ಸ್ ಹರ್ಬಾಟ್ಸ್ ನಿರ್ದೇಶಿಸಿದ್ದು. ಶೋಭರಾಜ್ ಪಾತ್ರದಲ್ಲಿ ತಾಹರ್ ರಹೀಮ್. ಕಳೆದ ಹತ್ತು ವರ್ಷಗಳಲ್ಲಿ ಬಂದ ಅಪರಾಧ ಸರಣಿಗಳಲ್ಲಿ ನನಗೆ ಬಹಳ ಹಿಡಿಸಿದವುಗಳಲ್ಲಿ ಇದೊಂದು. ಆದರೂ ಮುಗಿದ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಈ ಇಡೀ ಪ್ರಕರಣದಲ್ಲಿ ಅತ್ಯಂತ ಅಚ್ಚುಕಟ್ಟಾದ ಪತ್ತೇದಾರಿಕೆ ನಡೆದದ್ದು ಗೋವಾದಲ್ಲಿ. ಆ ರಾತ್ರಿಯೇ ಸರಣಿಯಲ್ಲಿ ದೃಶ್ಯವಾಗಿ ಬರುವುದಿಲ್ಲ. ಅದು ಮರೆವಿನಿಂದ ಬಿಟ್ಟುಹೋದದ್ದಲ್ಲ. ಸರಣಿಯ ಶಕ್ತಿ ಎಲ್ಲಿದೆ, ಅದು ಎಲ್ಲಿ ಸೋಲುತ್ತದೆ ಎಂಬ ಎರಡೂ ಆ ಗೈರುಹಾಜರಿಯಲ್ಲೇ ತಿಳಿಯುತ್ತವೆ.

ಮೊದಲು ಶಕ್ತಿಯ ಮಾತು. ಇದರ ಪತ್ತೇದಾರ ಪೊಲೀಸನಲ್ಲ, ಖಾಸಗಿ ಗೂಢಚಾರನೂ ಅಲ್ಲ. ಹರ್ಮನ್ ನಿಪ್ಪನ್‌ಬರ್ಗ್ ಎಂಬಾತ ಬ್ಯಾಂಕಾಕ್‌ನ ಡಚ್ ರಾಯಭಾರ ಕಚೇರಿಯಲ್ಲಿ ಮೂರನೇ ಕಾರ್ಯದರ್ಶಿ, ಮೂವತ್ತರ ಆಸುಪಾಸಿನ ಕಿರಿಯ ಅಧಿಕಾರಿ. 1976ರ ಫೆಬ್ರವರಿಯಲ್ಲಿ ಅವನ ಮೇಜಿಗೆ ಒಂದು ಕಾಗದ ಬರುತ್ತದೆ. ಏಷ್ಯಾ ಸುತ್ತಲು ಹೊರಟ ಡಚ್ ಜೋಡಿಯೊಂದು ಮನೆಗೆ ತಪ್ಪದೆ ಪತ್ರ ಬರೆಯುತ್ತಿತ್ತು, ಪತ್ರ ನಿಂತುಹೋಗಿದೆ, ದಯವಿಟ್ಟು ವಿಚಾರಿಸಿ ಎಂದು ಮನೆಯವರು ಕೇಳಿದ್ದಾರೆ. ಅವನಿಗೆ ಅಷ್ಟೇ ಸಾಕಾಗುತ್ತದೆ. ಡಿಸೆಂಬರ್‌ನಲ್ಲಿ ಅಯುತ್ಥಯಾ ಬಳಿ ರಸ್ತೆಪಕ್ಕ ಎರಡು ಸುಟ್ಟ ಶವ ಸಿಕ್ಕಿದ್ದವು. ಯಾರೋ ಆಸ್ಟ್ರೇಲಿಯಾದವರು ಎಂದು ಪೊಲೀಸರು ಬರೆದುಕೊಂಡು ಕೈತೊಳೆದುಕೊಂಡಿದ್ದರು. ನಿಪ್ಪನ್‌ಬರ್ಗ್ ಊರಿನಿಂದ ಹಲ್ಲಿನ ದಾಖಲೆ ತರಿಸುತ್ತಾನೆ, ಬ್ಯಾಂಕಾಕ್‌ನಲ್ಲಿದ್ದ ಡಚ್ ದಂತವೈದ್ಯೆಯನ್ನು ಶವಾಗಾರಕ್ಕೆ ಕರೆದೊಯ್ಯುತ್ತಾನೆ. ಸತ್ತವರು ಅವರೇ ಎಂದು ಖಚಿತವಾಗುತ್ತದೆ. ಜೋಡಿಯ ನಿಜವಾದ ಹೆಸರುಗಳನ್ನು ಸರಣಿ ಬಳಸಿಲ್ಲ, ಮನೆಯವರ ಮೇಲಿನ ಗೌರವದಿಂದ ಬದಲಿಸಿದೆ. ನಾನೂ ಇಲ್ಲಿ ಬರೆಯುವುದಿಲ್ಲ.

ಈ ಭಾಗವನ್ನು ಸರಣಿ ಅವಸರವಿಲ್ಲದೆ ತೋರಿಸುತ್ತದೆ. ಮೇಲಧಿಕಾರಿ ‘ಇದು ನಿನ್ನ ಕೆಲಸವಲ್ಲ’ ಎನ್ನುತ್ತಾನೆ. ಪಕ್ಕದ ರಾಯಭಾರ ಕಚೇರಿಯವರು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಂಡತಿ ಆಂಜೆಲಾ ಮೊದಮೊದಲು ಜೊತೆಗಿದ್ದು ಟಿಪ್ಪಣಿ ಮಾಡುತ್ತಾಳೆ, ಬರಬರುತ್ತ ಮನೆಯೊಳಗೆಲ್ಲ ಆ ಕಡತವೇ ತುಂಬಿಕೊಂಡಾಗ ಬಳಲುತ್ತಾಳೆ. ಗೋಡೆಯ ಮೇಲೆ ದಿನಾಂಕ, ಫೋಟೊ, ವಿಮಾನದ ವಿವರ. ಒಂದು ಸಣ್ಣ ಸಂಗತಿ ಗಮನಿಸಿ: ಸತ್ತ ಜೋಡಿಯ ಪಾಸ್‌ಪೋರ್ಟ್ ಹಿಡಿದು ಅದೇ ಡಿಸೆಂಬರ್‌ನಲ್ಲಿ ಯಾರೋ ಇಬ್ಬರು ನೇಪಾಳಕ್ಕೆ ಹೋಗಿದ್ದಾರೆ. ಶವಾಗಾರದಲ್ಲಿರುವವರು ಗಡಿ ದಾಟುವುದು ಹೇಗೆ? ಬಂದೂಕು ತೋರಿಸದೆ, ಬೆನ್ನಟ್ಟುವ ಕಾರಿಲ್ಲದೆ, ಬರೀ ಒಂದು ಠಸ್ಸೆಯ ದಿನಾಂಕದಿಂದ ಮೈ ಜುಮ್ಮೆನಿಸುವ ಕಂತು ಕಟ್ಟಿದ್ದಾರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿದವರು, 1993ರಲ್ಲಿ ದೂರದರ್ಶನದಲ್ಲಿ ಬಸು ಚಟರ್ಜಿಯವರ ಬ್ಯೋಮಕೇಶ್ ಬಕ್ಷಿಗಾಗಿ ಕಾದು ಕೂತವರು ಈ ಸುಖವನ್ನು ತಕ್ಷಣ ಗುರುತಿಸುತ್ತಾರೆ. ಒಂದು ವ್ಯತ್ಯಾಸ ಮಾತ್ರ ಇದೆ. ಪುರುಷೋತ್ತಮ, ಬ್ಯೋಮಕೇಶ್ ಇಬ್ಬರೂ ಜಾಣರು. ನಿಪ್ಪನ್‌ಬರ್ಗ್ ಅಂಥ ಜಾಣನೇನಲ್ಲ, ಹಟವಾದಿ. ಪಟ್ಟು ಬಿಡದವನು. ನಿವೃತ್ತಿಯಾಗಿ ನ್ಯೂಜಿಲೆಂಡಿನ ವೆಲಿಂಗ್ಟನ್ನಿಗೆ ಹೋಗಿ ನೆಲೆಸಿದಾಗಲೂ ಆ ಕಡತದ ಪೆಟ್ಟಿಗೆಗಳನ್ನು ಎಸೆಯಲಿಲ್ಲ. 2003ರಲ್ಲಿ ಶೋಭರಾಜ್ ಕಠ್ಮಂಡುವಿನಲ್ಲಿ ಮತ್ತೆ ಸಿಕ್ಕಾಗ ಆ ಹಳೆಯ ಕಾಗದಗಳು ತನಿಖೆಯ ಕೈಗೆ ಬಂದವು. ಇದು ನಿಜಜೀವನದಲ್ಲಿ ನಡೆದದ್ದು.

ಇನ್ನೊಂದು ಬಲ ನದೀನ್. ಶೋಭರಾಜ್ ‘ಅಲೈನ್ ಗೋತಿಯೇ’ ಎಂಬ ರತ್ನದ ವ್ಯಾಪಾರಿಯ ಹೆಸರಿನಲ್ಲಿ ವಾಸವಿದ್ದ ಬ್ಯಾಂಕಾಕ್‌ನ ಕನಿತ್ ಹೌಸ್ ಕಟ್ಟಡದಲ್ಲೇ ಇದ್ದ ಫ್ರೆಂಚ್ ಹೆಂಗಸು, ನೆರೆಮನೆಯವಳು. ಅವನ ಮನೆಯ ಪಾರ್ಟಿಗಳಿಗೆ ಹೋಗಿ ಬಂದವಳು. ಏನೋ ಸರಿಯಿಲ್ಲ ಎಂದು ಅವಳಿಗೆ ಹೊಳೆಯುವ ಕ್ಷಣದಿಂದ ಸರಣಿಯ ಉಸಿರೇ ಬದಲಾಗುತ್ತದೆ.

ಮೂರನೇ ಕಂತಿನ ದೊಮಿನಿಕ್‌ನ ಪ್ರಸಂಗವನ್ನು ನೋಡಿ. ಫ್ರಾನ್ಸಿನ ಹುಡುಗ, ಹೊಟ್ಟೆ ಕೆಟ್ಟಿದೆ. ‘ಅಲೈನ್’ ಕರುಣೆಯಿಂದ ಮನೆಯಲ್ಲಿಟ್ಟುಕೊಂಡು ಔಷಧ ಕೊಡುತ್ತಾನೆ. ದಿನವೂ ಲೋಟ ಬರುತ್ತದೆ, ದಿನವೂ ವಾಂತಿ ಹೆಚ್ಚುತ್ತದೆ. ಪಾಸ್‌ಪೋರ್ಟ್ ‘ಜೋಪಾನವಾಗಿ’ ಯಜಮಾನನ ಬಳಿ ಇದೆ. ನೋಡುತ್ತಿರುವ ನಮಗೆ ಲೋಟದಲ್ಲಿ ಏನಿದೆ ಎಂದು ಗೊತ್ತು, ಹುಡುಗನಿಗೆ ಗೊತ್ತಿಲ್ಲ. ತಾನು ಉಪಕಾರದ ಹಂಗಿನಲ್ಲಿದ್ದೇನೆ ಎಂದೇ ಅವನು ನಂಬಿದ್ದಾನೆ. ಗೊತ್ತಾದ ಮೇಲೂ ತಪ್ಪಿಸಿಕೊಳ್ಳಲು ಕಾಲಿನಲ್ಲಿ ಕಸುವಿಲ್ಲ. ಶೋಭರಾಜ್ ಮತ್ತು ಅವನ ಸಂಗಾತಿ ಮರಿ-ಆಂದ್ರೆ ನೇಪಾಳಕ್ಕೆ ಹೋದ ಸಮಯ ನೋಡಿ ನದೀನ್ ಮತ್ತು ಅವಳ ಗಂಡ ಆ ಹುಡುಗನನ್ನು ವಿಮಾನ ಹತ್ತಿಸುವ ತನಕ ಕೈಯಲ್ಲಿ ಜೀವ ಹಿಡಿದು ಕೂರಬೇಕು. ಇಡೀ ಸರಣಿಯಲ್ಲಿ ಒಂದೇ ಒಂದು ಕಂತು ನೋಡಲು ಪುರುಸೊತ್ತಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ. ಉಪಚಾರವನ್ನೇ ಬೇಲಿಯಾಗಿ ಮಾಡುವ ಕ್ರೌರ್ಯವನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಪತ್ತೇದಾರಿ ನಾಟಕ ನನ್ನ ನೆನಪಿನಲ್ಲಿಲ್ಲ.

ಕೊಲೆಯಾದವರನ್ನು ನಡೆಸಿಕೊಳ್ಳುವ ರೀತಿಯಲ್ಲೂ ಮೆಚ್ಚುವಂಥದ್ದಿದೆ. ಸಾಮಾನ್ಯವಾಗಿ ಇಂಥ ಧಾರಾವಾಹಿಗಳಲ್ಲಿ ಹೆಣ ಎಂದರೆ ಕಥೆಗೆ ಒದಗುವ ಸಾಮಾನು, ಅಷ್ಟೆ. ಇಲ್ಲಿ ಹಾಗಲ್ಲ. ಅಮೆರಿಕದ ತೆರೇಸಾ ಕಠ್ಮಂಡು ಬಳಿಯ ಕೋಪನ್ ಮಠಕ್ಕೆ ಹೋಗಿ ಬೌದ್ಧ ಧರ್ಮ ಕಲಿಯಬೇಕೆಂದು ಹೊರಟವಳು. ಸರಣಿ ಅವಳನ್ನು ಮೊದಲು ಬದುಕಲು ಬಿಡುತ್ತದೆ, ಆಮೇಲೆ ನಮ್ಮಿಂದ ಕಿತ್ತುಕೊಳ್ಳುತ್ತದೆ. ಹಿಪ್ಪಿಗಳೆಂದರೆ ಗಾಂಜಾ, ಗಲಾಟೆ ಎಂದು ಅಂಜುನಾದಿಂದ ಗೋಕರ್ಣದವರೆಗೆ ನಮ್ಮ ಕರಾವಳಿಯಲ್ಲಿ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಇಸ್ತಾಂಬುಲ್‌ನಿಂದ ಟೆಹರಾನ್, ಕಾಬೂಲ್ ಹಾದು ದೆಹಲಿಗೆ, ಅಲ್ಲಿಂದ ಕಠ್ಮಂಡುವಿಗೋ ಗೋವಾಕ್ಕೋ ಇಳಿಯುತ್ತಿದ್ದ ಆ ಮಕ್ಕಳಲ್ಲಿ ಬಹುತೇಕರು ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನವರು, ಮನೆಗೆ ಪತ್ರ ಬರೆಯುವವರು, ಯಾರನ್ನಾದರೂ ನಂಬುವವರು. ಆ ನಂಬಿಕೆಯೇ ಶೋಭರಾಜನ ಬಂಡವಾಳವಾಗಿತ್ತು. ಮನೆಗೆ ಮರಳದೆ ಹೋದ ಆ ಎಳೆಯರಿಗೇ ಸರಣಿಯನ್ನು ಅರ್ಪಿಸಿದ್ದಾರೆ.

ಅವನ ಸಂಗಾತಿ ಮರಿ-ಆಂದ್ರೆ ಲೆಕ್ಲೇರ್ ಪಾತ್ರವೂ ಸುಲಭದ ಪಾತ್ರವಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದಿಂದ ಬಂದು ಅವನ ಮೋಹಕ್ಕೆ ಬಿದ್ದು ‘ಮೋನಿಕ್’ ಎಂಬ ಹೆಸರು ತೊಟ್ಟ ಹೆಂಗಸು. ಜೆನ್ನಾ ಕೋಲ್ಮನ್ ಅವಳನ್ನು ಅಮಾಯಕಿಯನ್ನಾಗಿಯೂ ಮಾಡುವುದಿಲ್ಲ, ರಾಕ್ಷಸಿಯನ್ನಾಗಿಯೂ ಮಾಡುವುದಿಲ್ಲ. ಪಕ್ಕದ ಕೋಣೆಯಲ್ಲಿ ನಡೆಯುವುದು ಗೊತ್ತಿದ್ದೂ ಕನ್ನಡಿ ಮುಂದೆ ಕೂತು ತುಟಿಗೆ ಬಣ್ಣ ಹಚ್ಚಿಕೊಳ್ಳುವವಳು. ಅವಳ ಫ್ರೆಂಚ್ ಉಚ್ಚಾರಣೆಯ ಬಗ್ಗೆ ಕೊಂಕು ತೆಗೆದವರಿದ್ದಾರೆ. ಆ ಮುಖದಲ್ಲಿ ನಡೆಯುವ ಜಗಳ ನೋಡುತ್ತಿದ್ದರೆ ಉಚ್ಚಾರಣೆ ಯಾರಿಗೆ ಬೇಕು?

ಇನ್ನು ಕುಂದುಗಳು. ಮೊದಲನೆಯದು ಎಲ್ಲರೂ ಹೇಳುವಂಥದ್ದು, ನಿಜವೂ ಹೌದು. ಕಥೆ ಒಂದೇ ಸಮನೆ ಹಿಂದೆ ಮುಂದೆ ಜಿಗಿಯುತ್ತದೆ. ಹಳೆಯ ವಿಮಾನ ನಿಲ್ದಾಣದ ಫಲಕದಂತೆ ಅಕ್ಷರಗಳು ಪಟಪಟನೆ ಮಗುಚಿಕೊಂಡು ‘ಎರಡು ತಿಂಗಳ ಹಿಂದೆ’, ‘ನಾಲ್ಕು ತಿಂಗಳ ನಂತರ’ ಎಂದು ಬರುತ್ತಲೇ ಇರುತ್ತವೆ. ಮೊದಲ ಎರಡು ಕಂತುಗಳಲ್ಲಿ ಇದು ಕೆಲಸ ಮಾಡುತ್ತದೆ: ನಿಪ್ಪನ್‌ಬರ್ಗ್ ಹುಡುಕುತ್ತಿರುವವರು ಆಗಲೇ ಸತ್ತಿದ್ದಾರೆ ಎಂಬ ಸಂಕಟ ಆ ಜಿಗಿತದಿಂದಲೇ ಹುಟ್ಟುತ್ತದೆ. ನಡುವಿನ ಕಂತುಗಳಿಗೆ ಬರುವಾಗ ಅದು ಚಾಳಿಯಾಗಿಬಿಟ್ಟಿದೆ. ಕೊಲೆ ಆಗಿರುವುದನ್ನು ಮೊದಲೇ ನೋಡಿಬಿಟ್ಟಿರುತ್ತೇವೆ. ಪತ್ತೇದಾರ ಕಷ್ಟಪಟ್ಟು ಅದೇ ಜಾಗಕ್ಕೆ ಬಂದು ಮುಟ್ಟುವಾಗ ನಮಗೆ ಅಚ್ಚರಿ ಉಳಿದಿರುವುದಿಲ್ಲ. ಕೊಲೆಗಾರ ಯಾರೆಂದು ಮೊದಲೇ ಹೇಳಿ ಕೂರಿಸುವ ಕಥೆಯಲ್ಲಿ ಒಂದು ಕರಾರು ಇರುತ್ತದೆ. ‘ಯಾರು’ ಎಂಬ ಕುತೂಹಲವನ್ನು ಬಿಟ್ಟುಕೊಟ್ಟಿದ್ದೇವೆ, ‘ಹೇಗೆ ಸಿಕ್ಕಿಬೀಳುತ್ತಾನೆ’ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಬೇಕು. ಕಾಲದ ಕಲಸುಮೇಲೋಗರದಲ್ಲಿ ಆ ಮೆಟ್ಟಿಲುಗಳೇ ಕೆಲವು ಕಡೆ ಮಾಯವಾಗಿವೆ.

ನನ್ನ ದೊಡ್ಡ ತಕರಾರು ಬೇರೆ. ಈ ಸರಣಿ ತನ್ನ ಸರ್ಪವನ್ನು ನೋಡಿ ತಾನೇ ಮೈಮರೆತಿದೆ. ತಾಹರ್ ರಹೀಮ್ ಅವರ ಅಭಿನಯ ತಣ್ಣಗೆ ಕೊರೆಯುವಂಥದ್ದು, ರೆಪ್ಪೆ ಮಿಟುಕಿಸದ ಆ ನೋಟ ಮರೆಯುವುದಿಲ್ಲ. ಆದರೆ ಕ್ಯಾಮೆರಾ ಅವನ ಕಪ್ಪು ಕನ್ನಡಕ, ಬಿಗಿಯಾದ ಅಂಗಿ, ಈಜುಕೊಳದ ಪಕ್ಕದ ನಡಿಗೆಯ ಸುತ್ತ ಎಷ್ಟು ಹೊತ್ತು ಸುಳಿಯುತ್ತದೆಂದರೆ, ಮೋಸಗಾರನೊಬ್ಬ ಬೇಕೆಂದೇ ಕಟ್ಟಿಕೊಂಡ ವೇಷವನ್ನು ಬಯಲು ಮಾಡಬೇಕಾದ ಸರಣಿ ಅದೇ ವೇಷವನ್ನು ಇಸ್ತ್ರಿ ಮಾಡಿ ಕೊಟ್ಟಂತಾಗಿದೆ. ಅರ್ಧ ಭಾರತೀಯ, ಅರ್ಧ ವಿಯೆಟ್ನಾಮಿ ಎಂದು ಫ್ರಾನ್ಸಿನಲ್ಲಿ ಅವಮಾನ ಉಂಡವನು ಬಿಳಿಯ ಹುಡುಗ ಹುಡುಗಿಯರ ಮೇಲೆ ಸೇಡು ತೀರಿಸಿಕೊಂಡ ಎಂಬ ಸುಳಿವನ್ನು ಅಲ್ಲಲ್ಲಿ ಬಿಟ್ಟಿದ್ದಾರೆ. ಅದು ಅವನೇ ಹೇಳಿಕೊಂಡು ತಿರುಗಿದ ನೆಪವೂ ಆಗಿರಬಹುದಲ್ಲ? ಸರಣಿ ಅದನ್ನು ಒರೆಗೆ ಹಚ್ಚುವುದೇ ಇಲ್ಲ. ಅವನು ಕೊಂದವರಲ್ಲಿ ತುರ್ಕಿಯವನಿದ್ದ. ಅವನ ಬಲಗೈಯಾಗಿದ್ದ ಅಜಯ್ ಚೌಧರಿ ಭಾರತದವನು, ಮಲೇಷ್ಯಾಕ್ಕೆ ಜೊತೆಯಲ್ಲಿ ಹೋದವನು ಮತ್ತೆಲ್ಲೂ ಕಾಣಿಸಲಿಲ್ಲ. ಸೇಡಿನ ಕಥೆಗೆ ಇವರು ಹೊಂದುವುದಿಲ್ಲ.

ಅಜಯ್ ಹೆಸರು ಬಂತು, ಅಲ್ಲೇ ಮುಂದಿನ ಕೊರತೆಯೂ ಇದೆ. ನಡೆದದ್ದೆಲ್ಲ ಬ್ಯಾಂಕಾಕ್, ಕಠ್ಮಂಡು, ವಾರಾಣಸಿ, ದೆಹಲಿಗಳಲ್ಲಿ. ಆದರೆ ಮನೆ, ಮನಸ್ಸು, ಅನುಮಾನ, ಅಳು ಇರುವ ಪಾತ್ರಗಳೆಲ್ಲ ಪಶ್ಚಿಮದವರು. ಥಾಯ್ ಪೊಲೀಸರು ಬರುತ್ತಾರೆ, ಕೆಲವರು ಲಂಚಕ್ಕೆ ಕೈಯೊಡ್ಡುವವರು, ಕೆಲವರು ನೆರವಾಗುವವರು. ಸಂಜೆ ಅವರು ಯಾರ ಮನೆಗೆ ಹೋಗುತ್ತಾರೆ ಎಂದು ನಮಗೆ ಗೊತ್ತಾಗುವುದಿಲ್ಲ. ಅಜಯ್ ಎಂಟು ಕಂತುಗಳಲ್ಲಿ ಬಹುಭಾಗ ತೆರೆಯ ಮೇಲಿದ್ದರೂ ಅವನ ಊರು ಯಾವುದು, ಈ ಮನುಷ್ಯನ ಹಿಂದೆ ಯಾಕೆ ಬಂದ ಎಂಬುದು ಖಾಲಿ. 1976ರ ಜುಲೈಯಲ್ಲಿ ದೆಹಲಿಯ ವಿಕ್ರಂ ಹೋಟೆಲಿನಲ್ಲಿ ಫ್ರೆಂಚ್ ವಿದ್ಯಾರ್ಥಿಗಳ ಗುಂಪಿಗೆ ಮತ್ತಿನ ಗುಳಿಗೆ ಕೊಟ್ಟು ಶೋಭರಾಜ್ ಸಿಕ್ಕಿಬಿದ್ದ. ಅಲ್ಲಿಂದ ಮುಂದೆ ಭಾರತದ ಪೊಲೀಸು, ಭಾರತದ ನ್ಯಾಯಾಲಯ, ಭಾರತದ ಜೈಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಜೊತೆ ಏಗಿದವು. ಸರಣಿಗೆ ಅದು ಪೂರಾ ದಾಟಿಹೋಗಬೇಕಾದ ಅವಧಿ. ದೆಹಲಿಯ ಬಂಧನವಾದ ಮೇಲೆ ನೇರ 1997ರ ಪ್ಯಾರಿಸ್, ಆಮೇಲೆ 2003ರ ಕಠ್ಮಂಡು.

ಹಾಗೆ ಹಾರಿದ್ದರಿಂದ ಸರಣಿಗೆ ತನ್ನದೇ ಕೊನೆಯ ಪ್ರಶ್ನೆಗೆ ಉತ್ತರ ಸಿಗದೆ ಹೋಯಿತು. ಬಿಡುಗಡೆಯಾಗಿ ಪ್ಯಾರಿಸಿನಲ್ಲಿ ಹಾಯಾಗಿದ್ದವನು ತನ್ನ ಮೇಲೆ ಕೊಲೆಯ ಆರೋಪ ಇದ್ದ ಒಂದೇ ದೇಶಕ್ಕೆ, ನೇಪಾಳಕ್ಕೆ, ತಾನಾಗಿ ಯಾಕೆ ಹೋದ? ಕೊನೆಯ ಕಂತು ಇದರ ಸುತ್ತ ಸುತ್ತಿ ಸುಸ್ತಾಗುತ್ತದೆ. ಉತ್ತರದ ಒಂದು ತುದಿ ತಿಹಾರ್‌ನಲ್ಲಿದೆ, ಇನ್ನೊಂದು ಪೊರ್ವೊರಿಮ್‌ನಲ್ಲಿದೆ.

ಭಾರತದಲ್ಲಿ ಅವನಿಗಾದ ಶಿಕ್ಷೆ 12 ವರ್ಷ. ಅದು ಎಂಬತ್ತರ ದಶಕದ ಕೊನೆಗೆ ಮುಗಿಯುತ್ತಿತ್ತು. ಮುಗಿದರೆ ಥಾಯ್ಲೆಂಡಿಗೆ ಹಸ್ತಾಂತರ, ಅಲ್ಲಿ ಮರಣದಂಡನೆಯ ಭಯ. ಥಾಯ್ ವಾರಂಟಿಗೆ ಆಯುಸ್ಸು 20 ವರ್ಷ. ಈಗ ಲೆಕ್ಕ ಹಾಕಿ. ಜೈಲು ಒಡೆದು ಓಡಿ, ಸಿಕ್ಕಿಬಿದ್ದು, ಶಿಕ್ಷೆ ಇನ್ನೂ ಹತ್ತು ವರ್ಷ ಬೆಳೆದರೆ ಥಾಯ್ ವಾರಂಟು ತಾನಾಗಿ ಸಾಯುತ್ತದೆ. ನಡೆದದ್ದೂ ಅದೇ: 1997ರ ಫೆಬ್ರವರಿಯಲ್ಲಿ ಹೊರಬಂದಾಗ ಥಾಯ್ಲೆಂಡ್ ಅವನನ್ನು ಕೇಳುವ ಹಾಗಿರಲಿಲ್ಲ. ಓಡಿದ್ದು ತಪ್ಪಿಸಿಕೊಳ್ಳಲಿಕ್ಕಲ್ಲ, ಹಿಡಿಸಿಕೊಳ್ಳಲಿಕ್ಕೆ ಎಂಬ ಮಾತು ಆಗಿನಿಂದಲೂ ಇದೆ, ಲೆಕ್ಕ ನೋಡಿದರೆ ನಂಬುವ ಹಾಗೂ ಇದೆ. ಕಾನೂನಿನ ಕ್ಯಾಲೆಂಡರನ್ನೇ ತನ್ನ ಆಯುಧ ಮಾಡಿಕೊಂಡು ಒಮ್ಮೆ ಗೆದ್ದವನಿಗೆ ಕಠ್ಮಂಡುವಿನಲ್ಲೂ ಗೆಲ್ಲುತ್ತೇನೆ ಎಂಬ ಸೊಕ್ಕು ಬಂದಿತ್ತು ಎಂದುಕೊಂಡರೆ 2003ರ ಪ್ರಯಾಣ ಅಷ್ಟು ಒಗಟಾಗಿ ಉಳಿಯುವುದಿಲ್ಲ. ಗೋವಾದ ಅಧ್ಯಾಯ ಇದ್ದಿದ್ದರೆ ಈ ಊಹೆ ನೋಡುಗರಿಗೆ ತಾನಾಗಿ ಬರುತ್ತಿತ್ತು.

ಅಷ್ಟೇ ಅಲ್ಲ, ಝೆಂಡೆ ಮಾಡಿದ ಕೆಲಸ ನಿಪ್ಪನ್‌ಬರ್ಗ್ ಮಾಡಿದ ಕೆಲಸದ ಜಾತಿಯದೇ. ಹಿಡಿಸಿಕೊಳ್ಳಲು ಬಂದವನೇ ಆದರೂ ಹಿಡಿಯುವವರು ಅವನಿರುವ ಜಾಗಕ್ಕೆ ಬಂದು ಮುಟ್ಟಬೇಕಲ್ಲ. 1986ರ ಗೋವಾ ನೆನಪಿಸಿಕೊಳ್ಳಿ. ಬೀದಿಬೀದಿಗೆ ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದಿರಲಿಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವ ಕಾಲ. ಹೊರದೇಶಕ್ಕೆ ಮಾತಾಡಬೇಕಾದವನು ಎಲ್ಲಿಗೆ ಹೋಗುತ್ತಾನೆ? ಅಂಥ ಫೋನ್ ಸೌಲಭ್ಯ ಇದ್ದ ಕೆಲವೇ ಜಾಗಗಳಲ್ಲಿ ಒ ಕೊಕೇರೊ ಒಂದು ಎಂಬ ಲೆಕ್ಕದ ಮೇಲೆ ಆ ತಂಡ ಅಲ್ಲಿ ಕಾದು ಕೂತಿತು. ಚಿಕನ್ ಕಾಫ್ರಿಯಾಲ್‌ಗೆ ಹೆಸರಾದ ಹೋಟೆಲು, ಬಂದು ಹೋಗುವ ವಿದೇಶಿಯರಿಗೆ ಬರವಿಲ್ಲ. ಪ್ರತಿ ಮುಖವನ್ನೂ ಹದಿನೈದು ವರ್ಷ ಹಿಂದಿನ ಒಂದು ಮುಖಕ್ಕೆ ಹೋಲಿಸಿ ನೋಡಬೇಕು. ಒಂದು ಸುಳಿವು, ಒಂದು ನೆನಪು, ಮಿಕ್ಕದ್ದೆಲ್ಲ ತಾಳ್ಮೆ. ಹಲ್ಲಿನ ದಾಖಲೆಯನ್ನು ಅಷ್ಟು ಪ್ರೀತಿಯಿಂದ ತೋರಿಸಿದ ಸರಣಿಗೆ ಈ ಫೋನಿನ ಲೆಕ್ಕಾಚಾರ ಹೇಳಿ ಮಾಡಿಸಿದ್ದಾಗಿತ್ತು. ಆ ಕಾಲದ ಗೋವಾ ಎಂಥದ್ದು ಎನ್ನುವುದಕ್ಕೆ ಇನ್ನೊಂದು ಮಾತು: ಪಣಜಿ ಮತ್ತು ಪೊರ್ವೊರಿಮ್ ನಡುವೆ ಮಾಂಡೋವಿಗೆ ಕಟ್ಟಿದ್ದ ನೆಹರೂ ಸೇತುವೆ ಅದೇ ವರ್ಷ ಜುಲೈ 5ರಂದು ಕುಸಿದುಬಿತ್ತು. ನಮ್ಮ ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಆ ನದಿಯನ್ನು ದಾಟಲು ಆ ಮಳೆಗಾಲ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ.

ಗೋವಾವನ್ನು ತೆರೆಯ ಮೇಲೆ ಅಪರಾಧದ ಊರಾಗಿ ನೋಡುವುದು ಕನ್ನಡಿಗರಿಗೆ ಹೊಸದಲ್ಲ. ವಿಮೋಚನೆಯಾಗಿ ಏಳೇ ವರ್ಷಕ್ಕೆ, 1968ರಲ್ಲಿ, ದೊರೈ-ಭಗವಾನ್ ಜೋಡಿ ‘ಗೋವಾದಲ್ಲಿ ಸಿಐಡಿ 999’ ಮಾಡಿತು. ಅದೇ ವರ್ಷದ ‘ಜೇಡರ ಬಲೆ’ಯಲ್ಲಿ ಸಿಐಡಿ 999 ಆಗಿ ಗೆದ್ದಿದ್ದ ರಾಜಕುಮಾರ್ ಮತ್ತೆ ಅದೇ ವೇಷದಲ್ಲಿ ಬಂದರು, ನಟಿ ಲಕ್ಷ್ಮಿಗೆ ಅದು ಮೊದಲ ಕನ್ನಡ ಚಿತ್ರ. ಜೇಮ್ಸ್ ಬಾಂಡ್ ಧಾಟಿ, ಸಾಹಸಿ ನಾಯಕ, ಹೊರಗಿನಿಂದ ಬಂದು ಊರಿನ ಕೇಡನ್ನು ತೊಳೆದು ಹೋಗುವವನು. ಅದು ಅದರ ಕಾಲಕ್ಕೆ ಸಲ್ಲುವ ಸಂತೋಷ. ಕಾಗದಪತ್ರದ ಪತ್ತೇದಾರಿಕೆ ಗೋವಾದ ಹೆಸರಿನಲ್ಲಿ ಬಂದದ್ದು ಬಹಳ ತಡವಾಗಿ, ಅದೂ ಅಪರಾಧ ಮುಚ್ಚುವವನ ಕಡೆಯಿಂದ. ಮಲಯಾಳದ ‘ದೃಶ್ಯಂ’ ಕನ್ನಡದಲ್ಲಿ ರವಿಚಂದ್ರನ್ ಅವರ ‘ದೃಶ್ಯ’ವಾಗಿ 2014ರಲ್ಲಿ ಬಂತು, ಮರುವರ್ಷ ಹಿಂದಿಗೆ ಹೋದಾಗ ಕಥೆಯನ್ನು ಗೋವಾಕ್ಕೆ ಸಾಗಿಸಿದರು. ಬಸ್ಸಿನ ಟಿಕೆಟ್ಟು, ಹೋಟೆಲಿನ ಬಿಲ್ಲು, ಸಿನಿಮಾ ಟಿಕೆಟ್ಟಿನ ಚೂರು. ಕುಟುಂಬವನ್ನು ಉಳಿಸಿದ್ದು ಇವೇ ಕಾಗದಗಳು. ನಿಪ್ಪನ್‌ಬರ್ಗ್ ಆ ಸಿನಿಮಾ ನೋಡಿದ್ದರೆ ಖಂಡಿತ ಇಷ್ಟಪಡುತ್ತಿದ್ದರು.

‘ದಿ ಸರ್ಪೆಂಟ್’ ಬಿಟ್ಟ ಜಾಗವನ್ನು ತುಂಬಲು ನಮ್ಮವರೇ ಯತ್ನಿಸಿದ್ದಾರೆ. 2015ರ ‘ಮೈ ಔರ್ ಚಾರ್ಲ್ಸ್’ ಇದಕ್ಕೂ ಮೊದಲಿನದು. ದೆಹಲಿ ಪೊಲೀಸ್ ಅಧಿಕಾರಿ ಆಮೋದ್ ಕಂಠ್ ಅವರ ಕಣ್ಣಿನಿಂದ ಹೇಳಿದ ಕಥೆಯಾದರೂ ರಣದೀಪ್ ಹೂಡಾ ಅವರ ಗತ್ತಿಗೆ ಕ್ಯಾಮೆರಾ ಅಲ್ಲೂ ಶರಣಾಯಿತು. 2025ರ ಜನವರಿಯಲ್ಲಿ ಬಂದ ವಿಕ್ರಮಾದಿತ್ಯ ಮೋಟ್ವಾನೆಯವರ ‘ಬ್ಲ್ಯಾಕ್ ವಾರಂಟ್’ ಈ ವಿಷಯದಲ್ಲಿ ಎಲ್ಲರಿಗಿಂತ ಜಾಣ. ತಿಹಾರ್‌ನ ಕಿರಿಯ ಜೈಲರ್ ಒಬ್ಬನ ಕಥೆಯಲ್ಲಿ ಶೋಭರಾಜ್ ಪಕ್ಕದ ಪಾತ್ರ ಮಾತ್ರ. ಪಕ್ಕಕ್ಕೆ ಸರಿಸಿದ ಕೂಡಲೇ ಅವನ ಅಸಲು ಬಣ್ಣ ಕಾಣುತ್ತದೆ: ಜೈಲಿನ ನೌಕರಶಾಹಿಯ ಒಂದೊಂದು ಬಿರುಕನ್ನೂ ಬಲ್ಲ, ಎಲ್ಲರಿಗೂ ಏನಾದರೂ ಒದಗಿಸಿ ಎಲ್ಲರನ್ನೂ ಕೊಂಡುಕೊಂಡ ದಲ್ಲಾಳಿ. ಅದೇ ಸೆಪ್ಟೆಂಬರ್‌ನಲ್ಲಿ ಚಿನ್ಮಯ್ ಮಾಂಡ್ಲೇಕರ್ ಅವರ ‘ಇನ್‌ಸ್ಪೆಕ್ಟರ್ ಝೆಂಡೆ’ ಬಂತು. ಮನೋಜ್ ಬಾಜಪೇಯಿ ಝೆಂಡೆಯಾದರು. ಖಳನ ಹೆಸರನ್ನು ಕಾರ್ಲ್ ಭೋಜರಾಜ್ ಎಂದು ತಿರುಚಿ ಜಿಮ್ ಸರ್ಭ್ ಅವರಿಗೆ ಕೊಟ್ಟರು. ಕೊನೆಗೂ ಹಿಡಿದವನಿಗೆ ಮನೆ ಸಿಕ್ಕಿತು, ಹೆಂಡತಿ ಸಿಕ್ಕಳು, ಗೋವಾ ಸಿಕ್ಕಿತು. ಆದರೆ ಇಡೀ ಚಿತ್ರ ಹಾಸ್ಯದ ಓಟಕ್ಕೆ ಬಿದ್ದಿದೆ. ಕಾಯುವುದರಲ್ಲಿರುವ ಬಿಗಿ, ಆ ರಾತ್ರಿ ಹೋಟೆಲಿನಲ್ಲಿ ಏನಾದರೂ ತಪ್ಪಿದ್ದರೆ ಏನಾಗುತ್ತಿತ್ತೆಂಬ ಭಯ ನಗೆಯಲ್ಲಿ ಕರಗಿಹೋಗಿವೆ. ಬ್ರಿಟಿಷರ ಸರಣಿಯ ಗಾಂಭೀರ್ಯ ಮತ್ತು ಈ ಚಿತ್ರದ ಮಣ್ಣಿನ ವಾಸನೆ ಒಂದೇ ಕಡೆ ಸೇರಿದ ಕೃತಿ ಇನ್ನೂ ಬಂದಿಲ್ಲ.

ಪೊರ್ವೊರಿಮ್‌ನ ಆ ಹೋಟೆಲಿನಲ್ಲಿ ಮುಂದೆ ಶೋಭರಾಜನ ಆಳೆತ್ತರದ ಪ್ರತಿಮೆಯೊಂದನ್ನು ಮೇಜಿನ ಮುಂದೆ ಕೂರಿಸಿದರು. ಪ್ರವಾಸಿಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ನನಗಿದು ಸರಿಬರುವುದಿಲ್ಲ, ಕಪ್ಪು ಕನ್ನಡಕದ ಮೇಲೆ ಕ್ಯಾಮೆರಾ ಅಷ್ಟು ಹೊತ್ತು ನಿಂತಾಗ ಆದ ಬೇಸರವೇ ಇಲ್ಲೂ ಆಗುತ್ತದೆ. ಸರಣಿ ಮುಗಿಯುವುದು ಅವನು ಕಠ್ಮಂಡುವಿನ ಜೈಲಿನಲ್ಲಿರುವಾಗ. 2022ರ ಡಿಸೆಂಬರ್‌ನಲ್ಲಿ ನೇಪಾಳದ ಸುಪ್ರೀಂ ಕೋರ್ಟ್ ಆದೇಶದ ಮೇಲೆ 78ರ ವಯಸ್ಸಿನಲ್ಲಿ ಹೊರಬಂದು ಫ್ರಾನ್ಸಿಗೆ ಹೋದ. ಇವತ್ತು ಸರಣಿ ನೋಡುವವರಿಗೆ ಆ ಕೊನೆಯ ನೆಮ್ಮದಿಯೂ ಇಲ್ಲ.

ಹಾಗಾಗಿ ಮುಂದೆ ಯಾರಾದರೂ ಈ ಕಥೆ ಮುಟ್ಟುವುದಾದರೆ ಅವನ ಕಡೆಯಿಂದ ಶುರು ಮಾಡಬೇಕಾಗಿಲ್ಲ. ‘ದಿ ಸರ್ಪೆಂಟ್’ ಅನ್ನು ಎತ್ತಿ ನಿಲ್ಲಿಸಿದ್ದು ನೆರೆಮನೆಯ ನದೀನ್. ಗೋವಾದಲ್ಲೂ ಅಂಥವರು ಇದ್ದೇ ಇದ್ದರು: ಕೋಣೆ ಬಾಡಿಗೆಗೆ ಕೊಟ್ಟವರು, ಗಾಡಿ ಓಡಿಸಿದವರು, ಊಟ ಬಡಿಸಿದವರು, ಫೋನಿನ ಹತ್ತಿರ ಕೂತಿದ್ದವರು, ಆ ರಾತ್ರಿ ಯಾಕೆ ಏನು ಎಂದು ಕೇಳದೆ ಹಗ್ಗ ತಂದುಕೊಟ್ಟವರು. ಅವರ ಮಾತು ಯಾವ ತೆರೆಯ ಮೇಲೂ ಸರಿಯಾಗಿ ಬಂದಿಲ್ಲ. ಅಂದು ಇಪ್ಪತ್ತೈದರ ಹರೆಯದಲ್ಲಿ ಅಲ್ಲಿ ತಟ್ಟೆ ಹಿಡಿದು ಓಡಾಡುತ್ತಿದ್ದವರಿಗೆ ಈಗ ಅರವತ್ತೈದರ ಆಸುಪಾಸು. ಹೋಗಿ ಕೇಳುವುದಕ್ಕೆ ಇನ್ನೂ ಕಾಲ ಮೀರಿಲ್ಲ.